ವಿಗ್ರಹವಾಕ್ಯ

ದವಾಖಾನೆಯ ಸ್ಟಾಕ್ ರಜಿಸ್ಟರಿನಲ್ಲಿ ಐದು ಅಂಕಣ:
ತಾರೀಖು, ಔಷಧ, ಪ್ರಮಾಣ, ಪ್ರಾಣಿ, ಕಾರಣ.
ಕೊನೆಯದು ಮೂರು ದಿನದಿಂದ ಖಾಲಿ.
‘ದಯಾಮರಣ ಅಂತ ಬರದ್ಬಿಡ್ರಿ ಕಸ್ತೂರೆವ್ವಾ,
ಆಡಿಟ್‌ನವ್ರು ಬರ್ತಾರ’ ಎನ್ನುತ್ತಾರೆ ಡಾಕ್ಟರು.

ದಯಾಮರಣ.
ಏಳನೇ ಇಯತ್ತೆಯಲ್ಲಿ ಸಂಶಿ ಮಾಸ್ತರು
ಸೀಮೆಸುಣ್ಣದ ತುಂಡು ಎಸೆದು ಕೇಳುತ್ತಿದ್ದರು:
‘ಸಮಾಸ ಬಿಡಸು. ವಿಗ್ರಹವಾಕ್ಯ ಹೇಳು.’
ದಯೆಯಿಂದ ಮರಣವೋ,
ದಯೆಯ ಮರಣವೋ?
ತೃತೀಯಾದಿಂದ ಷಷ್ಠಿಗೆ ಒಂದು ಪ್ರತ್ಯಯದ ದೂರ.
ಬೆಂಚಿನ ಮೇಲೆ ನಿಂತೇ ಇದ್ದೇನೆ.

ಮುಳಗುಂದ ನಾಕಾದ ಹತ್ತಿರ
ನೀರಿನ ಪೈಪಿಗೆಂದು ತೋಡಿ ಹಾಗೇ ಬಿಟ್ಟ ತಗ್ಗು.
ದಾದಾಪೀರನ ಟಾಂಗಾದ ನೂರಿ
ಮುಂಗಾಲು ಇಟ್ಟಳು.
ಎಲುಬು ತೊಗಲು ಸೀಳಿ ಹೊರಗಿಣುಕಿತು, ಹಸಿ ಹಾಲಿನ ಬಣ್ಣ.
ಟ್ರಾಲಿಯಲ್ಲಿ ತಂದು ಹಿತ್ತಲಿಗೆ ಇಳಿಸುವಾಗ ರಾತ್ರಿ ಹತ್ತು.
ಡಾಕ್ಟರು ರೋಣದಲ್ಲಿ. ಫೋನಿನಲ್ಲಿ ಅವರ ದನಿ:
‘ಅದು ಕೂಡಂಗಿಲ್ಲ. ನಾ ಬರೂತನಕ ಕಾಯಬ್ಯಾಡ್ರಿ.
ಕಪಾಟಿನ ಕೀಲಿ ನಿಮ್ಮ ಹತ್ರನ ಐತಿ.’

ಕೀಲಿ ಇತ್ತು. ಕೀಲಿಯ ಜೊತೆ
ಹದಿನೆಂಟು ವರ್ಷದ ಹಿಂದೆ ತಗಡಿನ ವಿಹಾರದಲ್ಲಿ
ಅವ್ವನ ಪಕ್ಕ ಬಿಳಿ ಸೀರೆಯಲ್ಲಿ ಕೂತು
ತಗೊಂಡ ಐದು ಮಾತೂ ಇದ್ದವು.
ಮೊದಲನೆಯದೇ: ಪ್ರಾಣ ತೆಗೆಯುವುದಿಲ್ಲ.
ಅದರ ಕೆಳಗೆ ‘ಆದರೆ’ ಎಂದು ಯಾರೂ ಬರೆದಿರಲಿಲ್ಲ.

ಭಂತೇಗೆ ಫೋನು ಮಾಡಿದೆ. ಅವರಿಗೆ ಕಿವಿ ಮಂದ,
ಸಾವನ್ನು ಮೂರು ಸಲ ಕೂಗಿ ಹೇಳಬೇಕಾಯಿತು.
‘ಎಷ್ಟು ಪಾಪ ಬರ್ತದ, ಭಂತೇ?’
‘ತೂಕ ಮಾಡಾಕ ನಾ ಅಂಗಡಿ ಇಟ್ಟಿಲ್ಲವಾ.’
‘ಹಂಗಾರ ಮಾಡ್ಲ್ಯೋ ಬ್ಯಾಡೋ?’
‘ಸಾಯಲಿ ಅನ್ನೂ ಮಾತು ನನ್ನ ಬಾಯಾಗ ಬರೂವಂಗಿಲ್ಲ.
ಒಂದ ಕೇಳ್ತೀನಿ. ನಿಲ್ಲಬೇಕಾಗಿದ್ದು ಅದರ ನೋವೋ,
ಅದನ್ನ ನೋಡೂ ನಿನ್ನ ನೋವೋ?’
‘ಎರಡೂ ಒಂದ ಸಿರಿಂಜಿನ್ಯಾಗ ಅದಾವ್ರಿ.’
‘ಸೋಸು’ ಅಂದರು.
ಆಮೇಲೆ ಬಹಳ ಹೊತ್ತು ಫೋನು ಇಡಲಿಲ್ಲ. ಉಸಿರು ಕೇಳುತ್ತಿತ್ತು.

ಸೋಸಿದೆ. ಕಪ್ಪತಗುಡ್ಡದ ಕಡೆ
ಗಾಳಿಯಂತ್ರಗಳ ಕೆಂಪು ದೀಪ ಹೊತ್ತಿ ಆರುತ್ತಿದ್ದವು.
ನೋವಿನ ಸೂಜಿ ಕೊಟ್ಟೆ, ಇಳಿಯಲಿಲ್ಲ.
ಇನ್ನೊಂದು ಕೊಟ್ಟೆ. ಇದ್ದದ್ದೇ ಎರಡು.
ನೂರಿ ಗೋಡೆಗೆ ತಲೆ ಬಡಿಯುವ ಸದ್ದಿನ ಕೆಳಗೆ
ನನ್ನೊಳಗೆ ಕರುಣೆ ಸಿಕ್ಕಿತು, ಸುಳ್ಳಲ್ಲ.
ಅದರ ಬುಡದಲ್ಲಿ ಇನ್ನೇನೋ ಅಂಟಿತ್ತು:
ಈ ಸದ್ದು ಸಾಕು, ನಿಲ್ಲಲಿ, ನನಗೆ ಮಲಗಬೇಕು.
ಇಷ್ಟು ಗಸಿ ಇದ್ದ ನೀರನ್ನು ಯಾರಿಗೆ ಕುಡಿಸಲಿ?

ಬಕೆಟ್ಟು ಹಿಡಿದೆ. ನೂರಿ ಕುಡಿದಳು,
ಅರ್ಧ ಬಕೆಟ್ಟು, ಮೂಗು ಮುಳುಗಿಸಿ.
ಬದುಕಬೇಕೆಂದೇ?
ಬಾಯಾರಿಕೆ, ಅಷ್ಟೇ?
ಅವಳು ಹೂಂ ಅನ್ನಲಿಲ್ಲ. ಊಹೂಂ ಅನ್ನಲಿಲ್ಲ.
ಕುದುರೆಗೆ ನನ್ನ ವ್ಯಾಕರಣ ಬರುವುದಿಲ್ಲ.

ದಾದಾಪೀರ ಕೊರಳಿನ ಗೆಜ್ಜೆ ಬಿಚ್ಚಿಕೊಂಡ,
ಒಂದೂ ಸದ್ದಾಗದಂತೆ ಮುಷ್ಟಿಯಲ್ಲಿ ಅದುಮಿ.
‘ಬೀಡಿ ಸೇದಿ ಬರ್ತೀನ್ರಿ’ ಎಂದು ಹೊರಗೆ ಹೋದ.
ಕಡ್ಡಿ ಗೀರಿದ ಸದ್ದು ಬರಲಿಲ್ಲ.

ಡಂಬಳದ ಕಲ್ಲಿನಲ್ಲಿ ತಾರೆಯ ಹೆಸರಿದೆ,
ದಾಟಿಸುವವಳಂತೆ, ಭಂತೇ ಒಮ್ಮೆ ತೋರಿಸಿದ್ದರು.
ಯಾವ ದಂಡೆಗೆ ಎಂದು ಅವತ್ತು ಕೇಳಲಿಲ್ಲ.
ನಾಲ್ಕೂಕಾಲಿಗೆ ಕೊರಳಿನ ನರ ಹೆಬ್ಬೆರಳಿಗೆ ಸಿಕ್ಕಿತು,
ಬೆಚ್ಚಗಿತ್ತು, ನೆಚ್ಚಿಕೊಂಡಿತ್ತು.
ಒತ್ತಿದೆ.

ಬೆಟಗೇರಿಯಲ್ಲಿ ಯಾವುದೋ ಮಗ್ಗ ಶುರುವಾಯಿತು.

ಈಗ ಪೆನ್ನು ಹಿಡಿದು ಕೂತಿದ್ದೇನೆ.
‘ಎಡ ಮುಂಗಾಲು’ ಎಂದು ಬರೆದೆ. ಆಡಿಟ್‌ಗೆ ಅಷ್ಟು ಸಾಕು.

ನಿನ್ನೆ ಹುಣ್ಣಿಮೆ. ವಿಹಾರದಲ್ಲಿ ಎಲ್ಲರೊಂದಿಗೆ
ಐದು ಮಾತು ಮತ್ತೆ ಹೇಳಬೇಕು.
ಮೊದಲನೆಯದರಲ್ಲೇ ನನ್ನ ದನಿ ಒಂದು ಗುಕ್ಕು ಹಿಂದೆ ಬಿತ್ತು.
ಕಿವಿ ಮಂದದ ಭಂತೇ
ಎರಡನೆಯದಕ್ಕೆ ಹೋಗದೆ
ಕಾದರು.